ಕೋಟೆಯೋ, ಹಂಡೆಯೋ?

"ಶತ್ರು ನನ್ನನ್ನು ಸುತ್ತುವರಿದಿದ್ದಾನೆ" ಅಂತ ಪ್ರಾರ್ಥನೆಯಲ್ಲಿ ನಾವು ಸುಲಭವಾಗಿ ಹೇಳಿಬಿಡ್ತೀವಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೂ ನಾನು ಹೇಳಿದ್ದುಂಟು! ಯುದ್ಧದಲ್ಲಿ ಆ ಮಾತಿನ ಅರ್ಥ ಏನು ಅಂತ ಇವತ್ತು ಧ್ಯಾನಿಸೋಣ.

ಜರ್ಮನ್ ಸೈನಿಕರು ಅದಕ್ಕೆ 'ಕೆಸೆಲ್' ಅಂತಿದ್ದರು. ಅಂದ್ರೆ ಹಂಡೆ. ರಷ್ಯನ್ನರ ಪದಕ್ಕೂ ಅದೇ ಅರ್ಥ. ಇದು ಮುತ್ತಿಗೆಯ ಹಾಗಲ್ಲ, ಗಮನಿಸಿ. ಮುತ್ತಿಗೆಯಲ್ಲಿ ಒಳಗಿರುವವರಿಗೆ ಗೋಡೆ ಇರುತ್ತೆ, ಕಣಜ ಇರುತ್ತೆ. ಕೆಸೆಲ್‌ನಲ್ಲಿ ಸಿಕ್ಕಿಬೀಳೋದು ರಣರಂಗದಲ್ಲಿರುವ ಸೈನ್ಯ. ಎರಡೂ ಪಕ್ಕಗಳನ್ನು ಭೇದಿಸಿದ ಶತ್ರುಪಡೆಗಳು ಅದರ ಬೆನ್ನ ಹಿಂದೆ ಬಂದು ಸೇರುತ್ತವೆ. ಊಟ, ಇಂಧನ, ಮದ್ದುಗುಂಡು ಬರುವ ದಾರಿಯೇ ಮುಚ್ಚಿಹೋಗುತ್ತೆ.

ಸ್ಟಾಲಿನ್‌ಗ್ರಾಡ್‌ನಲ್ಲಿ ಆದದ್ದು ಇದೇ. 1942ರ ನವೆಂಬರ್ 19ರಂದು ಸೋವಿಯತ್ ದಾಳಿ ಶುರುವಾಯಿತು. 23ಕ್ಕೆ ಕಲಾಚ್ ಬಳಿ ಹಂಡೆಯ ಬಾಯಿ ಮುಚ್ಚಿತು. ಒಳಗೆ ಎರಡೂವರೆ ಲಕ್ಷದಷ್ಟು ಜನ. ಹಿಟ್ಲರ್ ಅದಕ್ಕೆ 'ಕೋಟೆ' ಅಂತ ಹೆಸರಿಟ್ಟ, ಹೊರಬರಲು ಬಿಡಲಿಲ್ಲ. ವಿಮಾನದಲ್ಲಿ ದಿನಕ್ಕೆ ಕನಿಷ್ಠ 300 ಟನ್ ಸಾಮಾನು ಬೇಕಿತ್ತು. ಸರಾಸರಿ ಅದರ ಅರ್ಧವೂ ಬರಲಿಲ್ಲ. 1943ರ ಫೆಬ್ರವರಿ 2ಕ್ಕೆ ಎಲ್ಲ ಮುಗಿಯಿತು. ಸೆರೆಸಿಕ್ಕವರು ಸುಮಾರು 91,000.

ಅವರ ನಡುವೆ ಕುರ್ಟ್ ರಾಯ್ಬರ್ ಎಂಬ ಪಾದ್ರಿ ಇದ್ದರು, ಸೈನ್ಯದಲ್ಲಿ ವೈದ್ಯರು. ಆ ಕ್ರಿಸ್ಮಸ್‌ಗೆ ರಷ್ಯದ ಒಂದು ನಕ್ಷೆಯ ಹಿಂಬದಿಯಲ್ಲಿ ಇದ್ದಿಲಿನಿಂದ ತಾಯಿ-ಮಗುವನ್ನು ಬರೆದರು. ಅಂಚಿನಲ್ಲಿ ಬೆಳಕು, ಜೀವ, ಪ್ರೀತಿ ಎಂಬ ಮೂರು ಪದಗಳಿವೆ. ನಾವು ಚಿತ್ರಗಳ ಮುಂದೆ ಪ್ರಾರ್ಥಿಸುವವರಲ್ಲ. ಆದ್ರೂ ಅದರ ಫೋಟೋವನ್ನು ನಾನು ತುಂಬಾ ಹೊತ್ತು ನೋಡಿದೆ. ಯಾಕಂದ್ರೆ ಅದೇ ಹಾಳೆಯ ಮೇಲೆ 'ಕೆಸೆಲ್' ಅಂತಲೂ ಇದೆ, 'ಕೋಟೆ' ಅಂತಲೂ ಇದೆ. ಅವರು 1944ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಚಿತ್ರ ಬರ್ಲಿನ್‌ನ ಒಂದು ಚರ್ಚಿನಲ್ಲಿದೆ.

ನನ್ನ ಮೊದಲ ಕೆಲಸದ ದಿನಗಳಲ್ಲಿ, ಮೂರು ಕ್ರೆಡಿಟ್ ಕಾರ್ಡ್ ಸಾಲ ಇಟ್ಟುಕೊಂಡು, ಅಮ್ಮ ಫೋನ್ ಮಾಡಿದಾಗಲೆಲ್ಲ "ಸೆಟಲ್ ಆಗಿದ್ದೀನಮ್ಮ" ಅಂತಿದ್ದೆ. ಹಂಡೆಗೆ ನಾನು ಕೋಟೆ ಅಂತ ಹೆಸರಿಟ್ಟಿದ್ದೆ, ಅಷ್ಟೇ.

ಈಗ ಯೆಹೆಜ್ಕೇಲ 11ನೇ ಅಧ್ಯಾಯ ನೋಡಿ. ಯೆರೂಸಲೇಮಿನ ಮುಖಂಡರು ಪಟ್ಟಣವನ್ನು ಹಂಡೆಗೂ ತಮ್ಮನ್ನು ಅದರೊಳಗಿನ ಮಾಂಸಕ್ಕೂ ಹೋಲಿಸ್ತಾರೆ. ಹಂಡೆ ಕಾಪಾಡುತ್ತೆ ಅನ್ನೋ ಧೈರ್ಯ ಅವರಿಗೆ. ಒಲೆಯ ನೆನಪೇ ಇಲ್ಲ! 24ನೇ ಅಧ್ಯಾಯದಲ್ಲಿ ಅದೇ ಹಂಡೆ ಬೆಂಕಿಯ ಮೇಲಿದೆ. ಬಾಬೆಲಿನ ಅರಸನು ಬಂದು ಮುತ್ತಿದ ದಿನ ಅದು. ಆ ದಿನವನ್ನು ಬರೆದಿಟ್ಟುಕೋ ಅಂತ ದೇವರು ಪ್ರವಾದಿಗೆ ಹೇಳ್ತಾರೆ. ಬೈಬಲ್ ತೆಗೆಯಿರಿ, ಅಲ್ಲಿಂದ ಒಟ್ಟಿಗೆ ಓದೋಣ.