ಇಂದಿನ ಧಮ್ಮ ಚಿಂತನೆ: ಹಳ್ಳದ ನೀರು ಮತ್ತು ನನ್ನ ಸ್ಪ್ರೇ ಕ್ಯಾನ್



ಮೊನ್ನೆ ಮಾರ್ಚ್ 20ರಂದು ನಮ್ಮ ವಿಹಾರದಲ್ಲಿ ಮಹಾಡ್ ಸತ್ಯಾಗ್ರಹವನ್ನು ನೆನೆದೆವು. 1927ರ ಆ ದಿನ ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದನ್ನು ಮಕ್ಕಳಿಗೆ ನಾನೇ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಟೊಮೆಟೊ ಹೊಲಕ್ಕೆ ಔಷಧಿ ಹೊಡೆದು, ಖಾಲಿಯಾದ ಸ್ಪ್ರೇ ಕ್ಯಾನನ್ನು ಎಂದಿನಂತೆ ಹಳ್ಳದ ಗುಂಡಿಯಲ್ಲಿ ಅದ್ದಿ ತೊಳೆದೆ. ಸಂಜೆ ನೋಡಿದರೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಂಚಿನಲ್ಲಿ ಎರಡು ಏಡಿ, ಒಂದಷ್ಟು ಗೊದಮೊಟ್ಟೆಗಳು. ಯಾರು ಮಾಡಿದ್ದು ಎಂದು ಹುಡುಕಬೇಕಾಗಿರಲಿಲ್ಲ.

ಇದನ್ನು ಗುಂಪಿನಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಹಾಗೆ ತೊಳೆಯುವವನು ನಾನೊಬ್ಬನೇ ಅಲ್ಲ.

ಊರ ಬಾವಿಯ ಹಗ್ಗ ಮುಟ್ಟುವಂತಿಲ್ಲದ ಕಾಲದಲ್ಲಿ ನಮ್ಮಜ್ಜಿ ಇದೇ ಹಳ್ಳದ ಮರಳಿನಲ್ಲಿ ಚಿಲುಮೆ ತೋಡಿ, ನೀರು ಒಸರುವವರೆಗೆ ಕಾದು ಕುಳಿತು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬುತ್ತಿದ್ದಳು. ಬಾವಿ ಕೊಡದ ನೀರನ್ನು ಹಳ್ಳ ಕೊಟ್ಟಿತು. ಸಾರಿಗೆ ಏಡಿ ಕೊಟ್ಟದ್ದೂ ಅದೇ. (ಏಡಿ ಹಿಡಿದು ತಿನ್ನುವುದು ಮೊದಲ ಶೀಲಕ್ಕೆ ಒಪ್ಪುತ್ತದೋ ಇಲ್ಲವೋ ಎಂಬ ಚರ್ಚೆ ನಮ್ಮ ವಿಹಾರದಲ್ಲಿ ಇನ್ನೂ ಮುಗಿದಿಲ್ಲ. ಅದು ಬೇರೆ ದಿನಕ್ಕಿರಲಿ.)

ನಮ್ಮವರು ಮುಟ್ಟಿದ ಮೇಲೆ ಚವದಾರ್ ಕೆರೆ ಮೈಲಿಗೆಯಾಯಿತೆಂದು ಮಹಾಡಿನ ಸವರ್ಣೀಯರು ಏನು ಮಾಡಿದರು ಗೊತ್ತಲ್ಲ? 108 ಮಡಕೆ ನೀರಿಗೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಗೆ ಸುರಿದರು. ಕುಡಿಯುವ ನೀರಿಗೆ ಸಗಣಿ ಸುರಿದರೆ ಶುದ್ಧಿ, ಮನುಷ್ಯನ ಕೈ ತಾಗಿದರೆ ಮೈಲಿಗೆ! ಇದನ್ನು ಹೇಳುವಾಗಲೆಲ್ಲ ನಮಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಆದರೆ ನೀರು ನಿಜವಾಗಿ ಕೆಡುವುದು ಯಾವುದರಿಂದ ಎಂದು ಕೇಳಿಕೊಳ್ಳುವ ಹೊಣೆಯೂ ಹಾಗಾದರೆ ನಮಗೇ ಹೆಚ್ಚು.

ಬುದ್ಧರ ಸಂಘ ಅದನ್ನು ಕೇಳಿಕೊಂಡಿತ್ತು. ಭಿಕ್ಖುವಿನ ಎಂಟು ಪರಿಕರಗಳಲ್ಲಿ ಚೀವರ, ಪಿಂಡಪಾತ್ರೆಗಳ ಜೊತೆಗೆ ನೀರು ಸೋಸುವ ಬಟ್ಟೆಯೂ ಒಂದು. ನೀರಿನಲ್ಲಿ ಜೀವಿಗಳಿವೆ ಎಂದು ಗೊತ್ತಿದ್ದೂ ಅದನ್ನು ಬಳಸುವುದು ವಿನಯದ ಪ್ರಕಾರ ಪಾಚಿತ್ತಿಯ, ಅಂದರೆ ಇನ್ನೊಬ್ಬ ಭಿಕ್ಖುವಿನ ಮುಂದೆ ಒಪ್ಪಿಕೊಳ್ಳಬೇಕಾದ ತಪ್ಪು. ಕಾಯಿಲೆ ಇಲ್ಲದ ಭಿಕ್ಖು ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಲೂಬಾರದು. ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ವಿಷದ ವ್ಯಾಪಾರವೂ ಸೇರಿದೆ. ನಾನು ವಿಷ ಮಾರುವವನಲ್ಲ, ಕೊಳ್ಳುವವನು ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ.

ನಾನು ಹೊಡೆದದ್ದು ಸೈಪರ್‌ಮೆಥ್ರಿನ್. ಈ ಜಾತಿಯ ಔಷಧಿಗಳು ಮನುಷ್ಯರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಮೀನು, ಏಡಿ, ನೀರಿನ ಹುಳುಗಳನ್ನು ಕೊಲ್ಲುತ್ತವೆ. ಬೇಸಿಗೆಯಲ್ಲಂತೂ ಹರಿವು ನಿಂತು ಗುಂಡಿಗಳಲ್ಲಷ್ಟೇ ನೀರು ಉಳಿದಿರುತ್ತದೆ. ಬಿದ್ದ ವಿಷ ಅಲ್ಲೇ ನಿಲ್ಲುತ್ತದೆ, ಜೀವಿಗಳಿಗೆ ಓಡಿಹೋಗಲು ಜಾಗವಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಲ್ಲೇ ಬೆಳೆದು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಅವು ಸತ್ತರೆ ಸೊಳ್ಳೆ ಮೊದಲು ಬರುವುದು ಹಳ್ಳದ ದಡದ ನಮ್ಮ ಬೀದಿಗೇ.

ಮಾಡಬೇಕಾದದ್ದು ಕಷ್ಟದ್ದಲ್ಲ. ಔಷಧಿಯ ಬಾಟಲಿಯನ್ನು ಮೂರು ಸಲ ಕುಲುಕಿ ತೊಳೆದು ಆ ನೀರನ್ನು ಕ್ಯಾನಿಗೇ ಸುರಿದು ಬೆಳೆಗೆ ಹೊಡೆಯಬೇಕು. ಕ್ಯಾನ್ ತೊಳೆದ ನೀರೂ ಹೊಲದಲ್ಲೇ ಮುಗಿಯಬೇಕು. ಬಾಟಲಿಗೆ ತೂತು ಹಾಕಿಡಬೇಕು, ಮನೆಯಲ್ಲಿ ಯಾರೂ ಎಣ್ಣೆ ತುಂಬಿಡದ ಹಾಗೆ. ಒಂದೆರಡು ಬಿಂದಿಗೆ ನೀರನ್ನು ಹೊಲಕ್ಕೆ ಹೊತ್ತರೆ ಆಯಿತು.

ನನ್ನ ಅಣ್ಣನ ಮಗ ಇದನ್ನು ಕೇಳಿ, "ಚಿಕ್ಕಪ್ಪ, ಮೇಲ್ಗಡೆ ದೊಡ್ಡ ಜಮೀನಿನೋರು ಡ್ರಮ್ಮೇ ತೊಳೀತಾರೆ. ನಾವೊಬ್ರು ಬಿಟ್ರೆ ಹಳ್ಳ ಉಳ್ಕಂಡ್ಬುಡ್ತದಾ?" ಎಂದ. ಉಳಿಯುವುದಿಲ್ಲ, ನಿಜ. ಅವನಿಗೆ ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬರೆದ ರೋಹಿಣಿ ನದಿಯ ಪ್ರಸಂಗ ಓದಿಸಿದೆ. ನೀರಿಗಾಗಿ ಶಾಕ್ಯರೂ ಕೋಲಿಯರೂ ಹೊಡೆದಾಡಿದಾಗ ಸಿದ್ಧಾರ್ಥ ಯುದ್ಧ ಬೇಡವೆಂದ. ನಮ್ಮವರು ಇಬ್ಬರು, ಅವರ ಕಡೆಯವರು ಇಬ್ಬರು, ಆ ನಾಲ್ವರು ಆರಿಸಿದ ಐದನೆಯವನೊಬ್ಬ, ಈ ಐವರು ಕೂತು ತೀರ್ಮಾನಿಸಲಿ ಎಂದ. ಶಾಕ್ಯರ ಸಂಘ ಒಪ್ಪಲಿಲ್ಲ. ಹುಡುಗ ಓದಿ, "ಒಪ್ಪಲೇ ಇಲ್ವಲ್ಲ ಚಿಕ್ಕಪ್ಪ" ಎಂದು ನಕ್ಕ. ಆಮೇಲೆ ತಾನೇ, "ಕೇಳಿ ನೋಡೋಣ" ಎಂದ.

ನಮ್ಮ ಕಡೆಯಿಂದ ಇಬ್ಬರು ನಾವೇ. ಭಾನುವಾರ ವಂದನೆ ಮುಗಿದ ಮೇಲೆ ಮೇಲ್ಗಡೆಯವರ ಮನೆಗೆ ಹೋಗುತ್ತೇವೆ. ಒಳಗೆ ಕರೆಯುತ್ತಾರೋ, ಜಗುಲಿ ಕೆಳಗೇ ನಿಲ್ಲಿಸಿ ಮಾತಾಡಿಸುತ್ತಾರೋ, ನೋಡಬೇಕು. ಡ್ರಮ್ಮಿನ ಮಾತು ಎತ್ತುವ ಮೊದಲು ನನ್ನ ಕ್ಯಾನಿನ ವಿಷಯ ಹೇಳುತ್ತೇನೆ.

ಜೈ ಭೀಮ್ 💙