ಜೀನ್ಸ್ ಮೇಲೆ ಕಸೂತಿ: ಮೊದಲು ಬಟ್ಟೆ ಓದೋಣ

ಸೂಜಿಗೆ ದಾರ ಪೋಣಿಸುವ ಮೊದಲು ಮನೆಯಲ್ಲಿರುವ ಯಾವುದಾದರೂ ಹಳೆಯ ಜೀನ್ಸ್ ಪ್ಯಾಂಟ್ ತೆಗೆದುಕೊಂಡು ಬೆಳಕಿರುವ ಕಡೆ ಕುಳಿತುಕೊಳ್ಳಿ. ಕಾಲಿನ ಅಂಚಿನ ಮಡಿಕೆಯನ್ನು ಎರಡು ಇಂಚಿನಷ್ಟು ಬಿಚ್ಚಿ, ಸೂಜಿಯ ಮೊನೆಯಿಂದ ನಾಲ್ಕಾರು ಎಳೆ ಎಳೆದು ತೆಗೆಯಿರಿ. ಉದ್ದಕ್ಕೆ ಬರುವ ಎಳೆ ನೀಲಿ, ಅಡ್ಡಕ್ಕೆ ಬರುವ ಎಳೆ ಬಿಳಿ. ಅಂದರೆ ಹಾಸು ನೀಲಿ, ಹೊಕ್ಕು ಬಿಳಿ. ನೀಲಿ ಎಳೆಯೊಂದನ್ನು ಉಗುರಿನಿಂದ ಬಿಡಿಸಿ ನೋಡಿದರೆ ಅದರ ತಿರುಳೂ ಬೆಳ್ಳಗೇ ಇರುತ್ತದೆ. ಈಗ ಬಟ್ಟೆಯ ಮುಖ ನೋಡಿ. ಸಾಮಾನ್ಯವಾಗಿ ಪ್ರತಿಯೊಂದು ನೀಲಿ ಎಳೆ ಮೂರು ಬಿಳಿ ಎಳೆಗಳ ಮೇಲೆ ಹಾದು ಒಂದರ ಕೆಳಗೆ ನುಸುಳುತ್ತದೆ. ಪಕ್ಕದ ಎಳೆಯೂ ಹಾಗೆಯೇ, ಆದರೆ ಒಂದು ಹೆಜ್ಜೆ ಸರಿದು. ಹೀಗೆ ಸರಿಯುತ್ತ ಹೋಗುವುದರಿಂದಲೇ ಡೆನಿಮ್ ಎಂಬ ಈ ಜೀನ್ಸ್ ಬಟ್ಟೆಯ ಮೇಲೆ ಆ ಓರೆ ಗೆರೆಗಳು ಮೂಡುತ್ತವೆ, ಮುಂಭಾಗ ನೀಲಿಯಾಗಿಯೂ ಒಳಭಾಗ ಬಿಳಿಚಿಕೊಂಡೂ ಕಾಣುತ್ತದೆ.

ಇಷ್ಟನ್ನು ಕಣ್ಣಾರೆ ನೋಡಿಕೊಂಡರೆ ಮುಂದಿನ ಅರ್ಧ ಕೆಲಸ ಸುಲಭ. ಜೀನ್ಸ್ ಮೇಲೆ ಕಸೂತಿ ಕೂರುತ್ತದೆಯೇ, ಗುಳೇದಗುಡ್ಡದ ಕುಪ್ಪಸದ ಬಟ್ಟೆಯಾದ ಖಣ ಒಪ್ಪುತ್ತದೆಯೇ, ಲಂಬಾಣಿ ಕನ್ನಡಿ ಎಲ್ಲಿ ಚೆಂದ ಎಂದು ಹೊಸಬರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ನೇಯ್ಗೆಯಲ್ಲೇ ಇದೆ. ಬಣ್ಣದ ಹೊಂದಾಣಿಕೆ, ಫ್ಯಾಷನ್ ಎಲ್ಲ ಆಮೇಲೆ.

ಎಂಥ ಜೀನ್ಸ್ ಆರಿಸಬೇಕು? ಕಲಿಯುವವರಿಗೆ ನಾನು ಹೇಳುವುದು ಒಂದೇ: ಪೂರ್ತಿ ಹತ್ತಿಯದು, ಎಳೆದರೆ ಹಿಗ್ಗದ್ದು. ಈಗ ಅಂಗಡಿಯಲ್ಲಿ ಸಿಗುವ ಮೈಗಂಟುವ ಪ್ಯಾಂಟುಗಳಲ್ಲಿ ಎಲಾಸ್ಟೇನ್ ಬೆರೆತಿರುತ್ತದೆ. ಅದನ್ನು ಕಸೂತಿಯ ರಿಂಗಿಗೆ ಹಾಕಿ ಬಿಗಿದರೆ ಬಟ್ಟೆ ಹಿಗ್ಗುತ್ತದೆ, ರಿಂಗು ತೆಗೆದ ಕೂಡಲೇ ಕುಗ್ಗಿ ನೀವು ಹಾಕಿದ ಹೂವೆಲ್ಲ ಸುಕ್ಕಾಗುತ್ತದೆ. ಬಟ್ಟೆಯ ತೂಕವನ್ನೂ ಗಮನಿಸಿ. ಡೆನಿಮ್ ದಪ್ಪವನ್ನು ಒಂದು ಚದರ ಗಜಕ್ಕೆ ಎಷ್ಟು ಔನ್ಸ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಗಟ್ಟಿ ಪ್ಯಾಂಟು 12ರಿಂದ 14 ಔನ್ಸ್ ಇದ್ದರೆ, ಅಂಗಿಯ ಬಟ್ಟೆ ಸಾಮಾನ್ಯವಾಗಿ ಅದರ ಅರ್ಧದಷ್ಟಿರುತ್ತದೆ. ಮೊದಲ ಕೆಲಸಕ್ಕೆ ಅಂಗಿ ಅಥವಾ ತೆಳುವಾದ ಜಾಕೆಟ್ ಒಳ್ಳೆಯದು. ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ನಮ್ಮ ಸಂತೆ, ಜಾತ್ರೆಗಳ ತನಕ ಬಂದು ತಲುಪುತ್ತದೆ. ನಾಲ್ಕು ವರ್ಷ ತೊಟ್ಟು ಮೆತ್ತಗಾದ ಅಂಥದೊಂದು ಪ್ಯಾಂಟಿನಲ್ಲಿ ಸೂಜಿ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದನ್ನು ನೀವೇ ನೋಡಿ.

ಒಂದು ಮಾತು ಇಲ್ಲಿ ನೆನೆಯಬೇಕು. ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಸೇರಿ 1873ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿಯುವ ಉಪಾಯಕ್ಕೆ. ದುಡಿಯುವವರ ಪ್ಯಾಂಟಿನ ಜೇಬು ಹರಿಯಬಾರದು ಎಂಬುದಷ್ಟೇ ಉದ್ದೇಶ. ನಮ್ಮಲ್ಲಿ 1990ರ ದಶಕದಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಸ್ ಬಟ್ಟೆ, ಜಿಪ್, ರಿವೆಟ್ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿಟ್ಟು 'ರಫ್ ಅಂಡ್ ಟಫ್' ಹೆಸರಿನಲ್ಲಿ ಮಾರಿತು. ಊರಿನ ದರ್ಜಿಯೇ ಅದನ್ನು ಹೊಲಿದುಕೊಡುತ್ತಿದ್ದ. ಜೀನ್ಸ್ ದುಡಿಮೆಯ ಉಡುಪಾಗಿ ಹುಟ್ಟಿತು, ನಮ್ಮ ಊರಿನ ದರ್ಜಿಯ ಕೈಗೂ ಪಳಗಿತು. ಇಳಕಲ್ಲಿನ ಸೀರೆ, ಖಣದ ಕುಪ್ಪಸಗಳನ್ನೂ ನಮ್ಮ ಹೆಣ್ಣುಮಕ್ಕಳು ಉಟ್ಟು ತೊಟ್ಟುಕೊಂಡೇ ಹೊಲಮನೆ ಕೆಲಸ ಮಾಡಿದವರು. ಎರಡೂ ಬೆವರು ಕಂಡ ಬಟ್ಟೆಗಳು. ಅವನ್ನು ಜೊತೆಗೂಡಿಸುವುದರಲ್ಲಿ ನನಗಂತೂ ಯಾವ ಅಪಚಾರವೂ ಕಾಣುವುದಿಲ್ಲ.

ಈಗ ಬಣ್ಣ ಬಿಡುವ ವಿಚಾರ. ನೂಲನ್ನು ನೀಲಿಯಲ್ಲಿ ಅದ್ದಿ ತೆಗೆದಾಗ ಅದು ಮೊದಲು ಹಸಿರು ಬೆರೆತ ಹಳದಿಯಾಗಿರುತ್ತದೆ. ಗಾಳಿ ತಾಕಿದ ಮೇಲೆ ನೀಲಿಯಾಗುತ್ತದೆ. ಹೀಗೆ ಮತ್ತೆ ಮತ್ತೆ ಅದ್ದಿ ಒಣಗಿಸಿದಂತೆ ಎಳೆಯ ಮೇಲ್ಮೈಯಲ್ಲಿ ಬಣ್ಣದ ಪದರ ಕೂಡುತ್ತದೆಯೇ ಹೊರತು ತಿರುಳಿಗೆ ಇಳಿಯುವುದಿಲ್ಲ. ಮೇಲೆ ಕೂತ ಬಣ್ಣ ತಿಕ್ಕಿದಂತೆಲ್ಲ ಉದುರುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಅನೇಕರು ನಂಬಿದ್ದಾರೆ, ಆದರೆ ಈ ನೀಲಿ ಉಪ್ಪಿಗೆ ಜಗ್ಗುವುದಿಲ್ಲ. ಹೊಸ ಜೀನ್ಸ್ ಆದರೆ ಮೂರು ನಾಲ್ಕು ಸಲ ಬೇರೆಯಾಗಿ ಒಗೆದು, ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ನೀಲಿ ಹತ್ತದಿದ್ದರೆ ಮಾತ್ರ ಕೆಲಸಕ್ಕೆ ತೆಗೆದುಕೊಳ್ಳಿ. ಖಣ, ಹಳೆಯ ಸೀರೆಯ ಸೆರಗು, ಕೆಂಪು ದಾರ, ಇವುಗಳಿಗೂ ಇದೇ ಪರೀಕ್ಷೆ ಆಗಲೇಬೇಕು. ಒಗೆಯುವುದರಿಂದ ಇನ್ನೊಂದು ಲಾಭವೂ ಇದೆ: ಕುಗ್ಗುವುದೆಲ್ಲ ಮೊದಲೇ ಕುಗ್ಗಿಬಿಡುತ್ತದೆ.

ಇನ್ನು ಕಸೂತಿಗೆ ಬರೋಣ. ಧಾರವಾಡ, ಹುಬ್ಬಳ್ಳಿ ಸೀಮೆಯ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗಾವಂಟಿ, ಮುರ್ಗಿ, ನೇಯ್ಗೆ, ಮೆಂತಿ. ಯಾವುದಕ್ಕೂ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ರೂಢಿ ಇಲ್ಲ. ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ, ನವಿಲು, ತುಳಸಿ ವೃಂದಾವನ ಎಲ್ಲ ಏಳುತ್ತವೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗಾವಂಟಿಯಲ್ಲಿ ಸೂಜಿ ಒಂದು ಮನೆ ಹೊಲಿದು ಒಂದು ಮನೆ ಬಿಟ್ಟು ಗೆರೆಯ ಕೊನೆಯವರೆಗೆ ಹೋಗುತ್ತದೆ. ಹಿಂದಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಆದ್ದರಿಂದ ಬಟ್ಟೆಯ ಎರಡೂ ಮೈ ಒಂದೇ ತೆರ. ಮುರ್ಗಿಯೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ.

ಎಳೆ ಎಣಿಸಬೇಕು ಎಂದೆನಲ್ಲ, ಡೆನಿಮ್ ಕಷ್ಟ ಕೊಡುವುದು ಅಲ್ಲೇ. ಒಂದರ ಮೇಲೆ ಒಂದರ ಕೆಳಗೆ ನೇಯ್ದ ಸಾದಾ ಬಟ್ಟೆಯಲ್ಲಿ ಹಾಸು ಹೊಕ್ಕು ಎರಡೂ ಕಣ್ಣಿಗೆ ಸಿಗುತ್ತವೆ. ಓರೆಗೆರೆಯ ಡೆನಿಮ್‌ನಲ್ಲಿ ಬಿಳಿ ಹೊಕ್ಕು ನೀಲಿಯ ಕೆಳಗೆ ಅಡಗಿರುತ್ತದೆ. ಎಣಿಸಲು ಹೋದರೆ ನಾಲ್ಕನೆಯ ಎಳೆಗೇ ಲೆಕ್ಕ ತಪ್ಪುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಅಂಗಡಿಯವರು ಡೆನಿಮ್ ಅಂಗಿ ಎಂದೇ ಮಾರುವ ಶಾಂಬ್ರೆ ಬಟ್ಟೆಯನ್ನು ಆರಿಸುವುದು. ಅದರಲ್ಲೂ ಹಾಸು ನೀಲಿ, ಹೊಕ್ಕು ಬಿಳಿ, ಆದರೆ ನೇಯ್ಗೆ ಸಾದಾ. ಎಳೆ ಸಣ್ಣ, ಆದರೂ ಕಣ್ಣು ಚುರುಕಾಗಿದ್ದವರು ನಾಲ್ಕು ನಾಲ್ಕು ಎಳೆ ಹಿಡಿದು ಎಣಿಸಬಹುದು.

ಎರಡನೆಯ ದಾರಿ, ಎಣಿಸಲಾಗದ ಬಟ್ಟೆಗಳ ಮೇಲೆ ಕಸೂತಿಯವರು ಬಳಸುವ ಜಾಳಿಗೆ ಬಟ್ಟೆ. ಚೌಕ ಚೌಕ ಕಿಂಡಿಯ ಕ್ಯಾನ್ವಾಸ್ ತುಂಡನ್ನು ಚಿತ್ರಕ್ಕಿಂತ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ಅದರ ಎಳೆ ಡೆನಿಮ್‌ನ ಉದ್ದ ಎಳೆಗೆ ನೇರವಾಗಿರುವಂತೆ ಇಟ್ಟು ಸುತ್ತ ಕಚ್ಚಾ ಹೊಲಿಗೆ ಹಾಕಿ. ಓರೆ ಗೆರೆಯನ್ನು ನೋಡಿ ನೇರ ಮಾಡಲು ಹೋಗಬೇಡಿ, ಅದು ದಾರಿ ತಪ್ಪಿಸುತ್ತದೆ. ಆಮೇಲೆ ಬಟ್ಟೆಯನ್ನು ಮರೆತು ಕಿಂಡಿಗಳನ್ನಷ್ಟೇ ಎಣಿಸಿ. ಸೂಜಿ ಕಿಂಡಿಯ ನಡುವೆ ನೆಟ್ಟಗೆ ಇಳಿದು ನೆಟ್ಟಗೆ ಏಳಬೇಕು. ಕ್ಯಾನ್ವಾಸಿನ ಎಳೆಯನ್ನೇ ಚುಚ್ಚಿದರೆ ಕೊನೆಗೆ ಅದು ಹೊರಗೆ ಬರುವುದಿಲ್ಲ. ಕೆಲಸ ಮುಗಿದ ಮೇಲೆ ನೀರು ಚಿಮುಕಿಸಿ, ಕ್ಯಾನ್ವಾಸಿನ ಗಂಜಿ ಮೆತ್ತಗಾದಾಗ ಚಿಮುಟದಿಂದ ಒಂದೊಂದೇ ಎಳೆಯನ್ನು ಪಕ್ಕಕ್ಕೆ ಎಳೆಯಿರಿ. ಅಡ್ಡ ಎಳೆಗಳೆಲ್ಲ ಮೊದಲು, ಉದ್ದದವು ಆಮೇಲೆ. ಕೊನೆಯ ಎಳೆ ಬಂದಾಗ ಆನೆ ಡೆನಿಮ್ ಮೇಲೆ ತಾನೇ ನಿಂತಿರುತ್ತದೆ. ದಾರ ಆರು ಎಳೆಯದಾದರೆ ಮೂರು ಎಳೆ ಸಾಕು. ಬೆರಳಿಗೆ ಅಂಗುಸ್ತಾನ ಇರಲಿ, ಜೀನ್ಸ್ ಸೂಜಿಯನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕಸೂತಿಯನ್ನು ಎಲ್ಲಿ ಹಾಕಬೇಕು ಎಂದರೆ ನನ್ನ ಉತ್ತರ ಸಿದ್ಧವಿದೆ: ಮಡಚಿ ತಿರುಗಿಸುವ ತೋಳಿನಲ್ಲಿ, ಇಲ್ಲವೇ ಮೇಲೆ ಮಡಿಸುವ ಕಾಲಿನ ಅಂಚಿನಲ್ಲಿ. ಅಲ್ಲಿ ಬಟ್ಟೆ ಒಂದೇ ಪದರ. ಇಳಿಬಿಟ್ಟಾಗ ನೀಲಿಯ ಮೇಲೆ ಕಾಣುವ ಗಾವಂಟಿ, ಮಡಚಿದಾಗ ಬಿಳಿಚಿದ ಒಳಮೈ ಮೇಲೆ ಅದೇ ಆಕಾರದಲ್ಲಿ ಕಾಣುತ್ತದೆ. ಎರಡೂ ಮೈ ಒಂದೇ ಆಗಿರುವ ಹೊಲಿಗೆ, ಎರಡು ಮೈ ಎರಡು ಬಣ್ಣವಾಗಿರುವ ಬಟ್ಟೆ. ಇಂಥ ಜೋಡಿ ಬೇರೆಲ್ಲಿ ಸಿಗಬೇಕು? ದಾರದ ಬಣ್ಣ ಮಾತ್ರ ಎರಡೂ ಕಡೆಗೆ ಒಪ್ಪಬೇಕು. ಬಿಳಿ ದಾರ ಒಳಗೆ ಮಂಕಾಗುತ್ತದೆ, ಕಡುನೀಲಿ ಹೊರಗೆ ಮರೆಯಾಗುತ್ತದೆ. ಇಳಕಲ್ ಸೆರಗಿನ ದಾಳಿಂಬೆ ಕೆಂಪು ಎರಡೂ ಕಡೆ ಎದ್ದು ನಿಲ್ಲುತ್ತದೆ. ಹೊಸಬರು ವೃಂದಾವನಕ್ಕೆ ಕೈ ಹಾಕುವ ಮೊದಲು ಮುರ್ಗಿಯ ಒಂದು ಸಾಲನ್ನು ತೋಳಿನ ಸುತ್ತ ಹಾಕಿ ಮುಗಿಸಲಿ.

ಎಣಿಸುವ ತಾಳ್ಮೆ ಇನ್ನೂ ಬಂದಿಲ್ಲ ಎನ್ನುವವರಿಗೆ ಕೌದಿಯ ಹೊಲಿಗೆ ಇದೆ. ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರ ಹಾಸಿ ಹೊಲಿದ, ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಇಂದಿಗೂ ಹೊಲಿಯುವ ಅದೇ ಸರಳ ಓಟದ ಹೊಲಿಗೆ. ಮೊಣಕಾಲಿನಲ್ಲಿ ಹರಿದ ಪ್ಯಾಂಟಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಹರಿದ ಜಾಗ ನೋಡಿ: ನೀಲಿ ಹಾಸು ಸವೆದು ಹೋಗಿ ಬಿಳಿ ಹೊಕ್ಕಿನ ಎಳೆಗಳು ಅಡ್ಡಡ್ಡ ಜೋತಾಡುತ್ತಿರುತ್ತವೆ. ಅವನ್ನು ಕತ್ತರಿಸಬೇಡಿ. ತೂತಿಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾದ ಖಣದ ತುಂಡನ್ನು ಒಳಗಿನಿಂದ ಇಟ್ಟರೆ, ಆ ಬಿಳಿ ಎಳೆಗಳ ಸಂದಿಯಿಂದ ಖಣದ ಬಣ್ಣ ಇಣುಕುತ್ತದೆ. ಹೊರಗಿನಿಂದ ತೂತಿನ ಸುತ್ತ ಕೌದಿಯ ಹೊಲಿಗೆಯನ್ನು ಸಾಲು ಸಾಲಾಗಿ, ಗಟ್ಟಿ ಬಟ್ಟೆ ಸಿಗುವವರೆಗೂ ಹಾಕುತ್ತ ಹೋಗಿ. ದಾರವನ್ನು ಬಿಗಿಯಾಗಿ ಜಗ್ಗಬೇಡಿ, ಮೊಣಕಾಲು ಮಡಚಿದಾಗ ಬಟ್ಟೆಗೆ ಅವಕಾಶ ಬೇಕು. ಕಾಲಿನ ಕೊಳವೆಯೊಳಗೆ ದಪ್ಪ ರಟ್ಟಿನ ಪುಸ್ತಕ ತೂರಿಸಿಟ್ಟರೆ ಹಿಂದಿನ ಪದರ ಸೂಜಿಗೆ ಸಿಕ್ಕಿಕೊಳ್ಳುವುದಿಲ್ಲ. ಕೈ ಆಡುವುದಿಲ್ಲವಾದರೆ ಹೊರಪಕ್ಕದ ಹೊಲಿಗೆಯನ್ನು ಬಿಚ್ಚಿಕೊಳ್ಳಿ. ಒಳಪಕ್ಕದ್ದು ಸಾಮಾನ್ಯವಾಗಿ ಎರಡು ಸಾಲು ಮಡಿಸಿ ಹೊಲಿದಿರುತ್ತದೆ, ಅದನ್ನು ಮುಟ್ಟದಿರುವುದೇ ವಾಸಿ.

ಖಣವನ್ನು ಜಾಕೆಟ್ಟಿನ ಬೆನ್ನಿಗೆ ದೊಡ್ಡದಾಗಿ ಹಾಕುವ ಆಸೆ ಬಹಳ ಜನರಿಗೆ. ಹಾಕಿ, ಚೆಂದವೇ. ಆದರೆ ಖಣ ತೆಳು, ನುಣುಪು. ಡೆನಿಮ್ ಒರಟು, ಭಾರ. ನೇರವಾಗಿ ಹೊಲಿದರೆ ಭಾರದ ಬಟ್ಟೆ ಹಗುರದ್ದನ್ನು ಜಗ್ಗಿ ಹರಿದುಹಾಕುತ್ತದೆ. ಖಣದ ಹಿಂದೆ ತೆಳು ಹತ್ತಿಯ ಅಸ್ತರ ಕೊಟ್ಟು, ಎರಡನ್ನೂ ಕಚ್ಚಾ ಹೊಲಿಗೆಯಲ್ಲಿ ಒಂದು ಮಾಡಿಕೊಂಡು, ಅಂಚು ಒಳಗೆ ಮಡಿಸಿ, ಸಣ್ಣ ಸೂಜಿಯಿಂದ ಕೈಯಲ್ಲೇ ಹೊಲಿಯಿರಿ. ಜೀನ್ಸಿಗೆ ಮಿಷನ್ನಿನಲ್ಲಿ ಬಳಸುವ 16 ನಂಬರಿನ ಸೂಜಿ ಖಣದಲ್ಲಿ ತೂತು ಬಿಡುತ್ತದೆ. ಇಳಕಲ್ ಸೆರಗಾದರೆ ಇನ್ನೊಂದು ಎಚ್ಚರ: ಸೆರಗಿನ ಹಾಸು ಮತ್ತು ಒಡಲಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೊಂಡಿಯ ಸಾಲಿಗೆ ಕತ್ತರಿ ತಾಗಿಸದೆ ಎರಡು ಬೆರಳು ಬಿಟ್ಟು ಕತ್ತರಿಸಿ. ಕತ್ತರಿಸುವುದಾದರೂ ಒಡಲು ಜೀರ್ಣವಾದ ಸೀರೆಯನ್ನು ಮಾತ್ರ. ಉಡಲು ಬರುವ ಸೀರೆಗೆ ಕತ್ತರಿ ಹಾಕುವುದನ್ನು ನಾನು ಕಲಿಸುವುದಿಲ್ಲ. ಅದರ ಬದಲು ಹೊಸ ಖಣ ಕೊಂಡರೆ ಮಗ್ಗದವರಿಗೆ ನಾಲ್ಕು ಕಾಸು ಸೇರುತ್ತದೆ.

ಲಂಬಾಣಿ ಕೆಲಸಕ್ಕೆ ಎಳೆ ಎಣಿಸುವ ಹಂಗಿಲ್ಲ, ಹಾಗಾಗಿ ಡೆನಿಮ್ ಅದನ್ನು ಸಂತೋಷದಿಂದ ಹೊರುತ್ತದೆ. ಫೇಟಿಯಾ ಲಂಗ, ಕಾಂಚಳಿ ರವಿಕೆಗಳ ಮೇಲೆ ಕನ್ನಡಿ, ಕವಡೆ, ನಾಣ್ಯ ಕೂರಿಸಿದ ಆ ಕೈಗಳು ಭಾರದ ಬಟ್ಟೆಗೆ ಮೊದಲಿನಿಂದಲೂ ಒಗ್ಗಿದವು. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ 1984ರಲ್ಲಿ ಆರಂಭವಾದ ಕುಶಲಕಲಾ ಕೇಂದ್ರದ ಮೂಲಕ ನೂರಾರು ಹೆಣ್ಣುಮಕ್ಕಳು ಈ ಕೆಲಸ ಮಾಡುತ್ತಿದ್ದಾರೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಅವರು ಮಾಡಿದ 1755 ಲಂಬಾಣಿ ಕುಸುರಿಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಜೀನ್ಸಿನ ಊರೂ ಲಂಬಾಣಿ ಕಸೂತಿಯ ಊರೂ ಒಂದೇ ಜಿಲ್ಲೆಯಲ್ಲಿರುವಾಗ ಈ ಎರಡು ಕಸುಬಿನವರು ಇನ್ನೂ ಹೆಚ್ಚು ಕೈ ಜೋಡಿಸಬೇಕು ಎಂಬುದು ನನ್ನ ಹಂಬಲ. ಕನ್ನಡಿಯ ಪಟ್ಟಿಯನ್ನು ಜಾಕೆಟ್ಟಿನ ಬೆನ್ನಿನ ಮೇಲುಭಾಗಕ್ಕೆ, ಜೇಬಿನ ಮುಚ್ಚಳಕ್ಕೆ, ಚೀಲಕ್ಕೆ ಹಾಕಿಸಿ. ಕೂರುವ ಜಾಗ, ತೊಡೆಯ ಒಳಭಾಗ, ಬ್ಯಾಗಿನ ಪಟ್ಟಿ ಉಜ್ಜುವ ಹೆಗಲು ಬೇಡ.

ನಮ್ಮ ನಾಡಿನಾಚೆ ನೋಡಿದರೆ, ಪಂಜಾಬಿನ ಫುಲ್ಕಾರಿಯೂ ಎಳೆ ಎಣಿಸುವ ಕೆಲಸವೇ, ಅದಕ್ಕೂ ಕಸೂತಿಯ ಉಪಾಯವೇ ಬೇಕು. ಬಂಗಾಳದ ಕಾಂತಾ ನಮ್ಮ ಕೌದಿಯ ಬಳಗ. ದಾರಿ ತಿಳಿದವರಿಗೆ ಇವೂ ತೆರೆದುಕೊಳ್ಳುತ್ತವೆ.

ನೀವೇ ಹೊಲಿಯದೆ ಕಸುಬಿನವರಿಂದ ಮಾಡಿಸುವುದಾದರೆ ಜಾಕೆಟ್ಟನ್ನು ಒಗೆದೇ ಕೊಡಿ. ಕುಸುರಿ ಬರಬೇಕಾದ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಜೇಬಿನ ಮೇಲೆ ಬೇಕಾದರೆ ಜೇಬನ್ನು ದರ್ಜಿಯ ಹತ್ತಿರ ಬಿಚ್ಚಿಸಿ ಬಿಡಿಯಾಗಿ ಕೊಡಿ, ಇಲ್ಲವಾದರೆ ಜೇಬು ಹಿಂದಿನ ಬಟ್ಟೆಗೇ ಹೊಲಿದುಹೋಗುತ್ತದೆ. ರಟ್ಟೆಯ ಕೆಲಸ ಕೇಳುವ ಬಟ್ಟೆ ಇದು, ಮೆತ್ತನೆಯ ಸೀರೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಸೀರೆಯ ದರವನ್ನೇ ಹಿಡಿದು ಚೌಕಾಸಿ ಮಾಡಬೇಡಿ. ಕಸೂತಿ, ಸಂಡೂರಿನ ಲಂಬಾಣಿ ಕೆಲಸ ಎರಡಕ್ಕೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಮಿಷನ್ನಿನಲ್ಲಿ ಹೊಡೆದದ್ದನ್ನು ಅದೇ ಹೆಸರಿನಲ್ಲಿ ಕೊಟ್ಟಿದ್ದಾರೆಂಬ ಅನುಮಾನ ಬಂದರೆ ಒಳಮೈ ತಿರುಗಿಸಿ ನೋಡಿ, ಗಾವಂಟಿಯಾದರೆ ಎರಡೂ ಮೈ ಒಂದೇ ಇರಬೇಕು.

ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಬ್ರಷ್ ಹಾಕದೆ. ಹಿಂಡದೆ ನೆರಳಿನಲ್ಲಿ ಒಣಗಿಸಿ. ಇಸ್ತ್ರಿಯನ್ನು ಟವೆಲ್ ಹಾಸಿ ಹಿಂಬದಿಯಿಂದ ಮಾಡಿ. ಕನ್ನಡಿ, ಕವಡೆ ಇದ್ದರೆ ವಾಷಿಂಗ್ ಮಿಷನ್ನಿಗೆ ಹಾಕಬೇಡಿ. ಕನ್ನಡಿಯ ಪಟ್ಟಿಗೆ ಗುಂಡಿ ಇಟ್ಟು ಬಿಚ್ಚಿ ಹಾಕುವಂತೆ ಮಾಡಿಸಿದರೆ ಜಾಕೆಟ್ಟನ್ನು ಎಷ್ಟು ಸಲ ಬೇಕಾದರೂ ಒಗೆಯಬಹುದು.