ಬಚ್ಚಲಿನ ಗೋಡೆಯ ಟೈಲು: ಸಂದು ಎಷ್ಟಿರಬೇಕು?



ದುಡಿಮೆಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಾವು, ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಖೋಲಿಯ ಮೋರಿಯನ್ನೋ ಪುಟ್ಟ ಮನೆಯ ಬಚ್ಚಲನ್ನೋ ಒಮ್ಮೆ ಸರಿಪಡಿಸಿಕೊಳ್ಳುತ್ತೇವೆ. ಅದು ಪದೇ ಪದೇ ಮಾಡಿಸುವ ಕೆಲಸವಲ್ಲ. ನಮ್ಮಲ್ಲಿ ಕೆಲವರಿಗೆ ಗಾರೆ ಕೆಲಸವೇ ಜೀವನೋಪಾಯ. ಈ ಇಬ್ಬರಿಗೂ ಉಪಯೋಗವಾಗಲೆಂದು ಟೈಲುಗಳ ನಡುವಣ ಸಂದಿನ ವಿಷಯವನ್ನು ಇಲ್ಲಿ ವಿವರಿಸುತ್ತೇವೆ.

“ಸಂದೇ ಬೇಡ, ಒಂದಕ್ಕೊಂದು ತಾಗಿಸಿಬಿಡಿ, ಕೊಳೆ ಕೂರುವುದಿಲ್ಲ” ಎಂದು ಮನೆಯವರು ಹೇಳುವುದುಂಟು. ಕೆಲಸ ಬೇಗ ಮುಗಿಯುವುದರಿಂದ ಮಿಸ್ತ್ರಿಯೂ ಒಪ್ಪುವುದುಂಟು. ಇದು ಸರಿಯಲ್ಲ. ಕಾರಣಗಳು ಮೂರು.

ಮೊದಲನೆಯದು, ಟೈಲು ಭಟ್ಟಿಯಲ್ಲಿ ಸುಡುವಾಗ ಕುಗ್ಗುತ್ತದೆ. ಎಲ್ಲವೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಆದುದರಿಂದ ಒಂದೇ ಪೆಟ್ಟಿಗೆಯ ಟೈಲುಗಳಲ್ಲೂ ಅಳತೆಯ ಅಲ್ಪ ವ್ಯತ್ಯಾಸವಿರುತ್ತದೆ. ಸಂದಿದ್ದರೆ ಆ ವ್ಯತ್ಯಾಸವನ್ನು ಅದು ನುಂಗಿಕೊಳ್ಳುತ್ತದೆ. ಇಲ್ಲವಾದರೆ, ಖಾತೆ ಪುಸ್ತಕದ ಒಂದು ಪುಟದ ತಪ್ಪು ಮುಂದಿನ ಪುಟಗಳಿಗೆ ಸಾಗುವಂತೆ, ಸಾಲಿನಿಂದ ಸಾಲಿಗೆ ಬೆಳೆದು ಮೇಲೆ ಹೋಗುವಷ್ಟರಲ್ಲಿ ಗೆರೆ ಓರೆಯಾಗುತ್ತದೆ.

ಎರಡನೆಯದು, ಶಾಖಕ್ಕೂ ತೇವಕ್ಕೂ ಟೈಲು ಮತ್ತು ಗೋಡೆ ಸ್ವಲ್ಪ ಹಿಗ್ಗುತ್ತವೆ, ಕುಗ್ಗುತ್ತವೆ. ಭಾರತೀಯ ಮಾನಕ ೧೫೬೨೨ರಲ್ಲಿ, ತಮ್ಮ ತೂಕದ ನೂರಕ್ಕೆ ೧೦ಕ್ಕಿಂತ ಹೆಚ್ಚು ನೀರು ಹೀರುವ ಟೈಲುಗಳಿಗೆ ಬೇರೆ ಗುಂಪೇ ಇದೆ. ಗೋಡೆಯ ಸಾಮಾನ್ಯ ಟೈಲುಗಳು ಬಹುಪಾಲು ಈ ಗುಂಪಿನವು. ಹಿಗ್ಗಲು ಎಡೆಯಿಲ್ಲದಿದ್ದರೆ ಅಂಚು ಚಕ್ಕೆಯೇಳುತ್ತದೆ ಅಥವಾ ಟೈಲೇ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ.

ಮೂರನೆಯದು, ತಾಗಿಸಿ ಹಚ್ಚಿದರೂ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ಅದರೊಳಗೆ ಗ್ರೌಟು ಇಳಿಯದು. ನೀರು ಮಾತ್ರ ಇಳಿಯುತ್ತದೆ.

ಹಾಗಾದರೆ ಎಷ್ಟಿರಬೇಕು? ಅಂಗಡಿಯಿಂದ ತಂದ ಬೇರೆ ಬೇರೆ ಪೆಟ್ಟಿಗೆಗಳಿಂದ ಹತ್ತು ಟೈಲುಗಳನ್ನು ತೆಗೆದು ಅಳೆಯಿರಿ. ಎಲ್ಲಕ್ಕಿಂತ ದೊಡ್ಡದಕ್ಕೂ ಎಲ್ಲಕ್ಕಿಂತ ಚಿಕ್ಕದಕ್ಕೂ ಇರುವ ವ್ಯತ್ಯಾಸವನ್ನು ಮೂರರಿಂದ ಗುಣಿಸಿರಿ. ಸಂದು ಅದಕ್ಕಿಂತ ಕಡಿಮೆಯಿರಬಾರದು. ಇದು ಅಮೆರಿಕದ ಮಾನಕದಲ್ಲಿರುವ ನಿಯಮ. ಎಲ್ಲಿಯ ಗೋಡೆಗೂ ಸಲ್ಲುತ್ತದೆ. ವ್ಯತ್ಯಾಸ ಅರ್ಧ ಮಿಲಿಮೀಟರ್ ಆದರೆ ಒಂದೂವರೆ ಆಯಿತು, ೨ ಮಿ.ಮೀ. ಹಿಡಿಯಿರಿ. ವ್ಯತ್ಯಾಸ ೧ ಮಿ.ಮೀ. ಆದರೆ ಸಂದು ೩ ಮಿ.ಮೀ. ಸುಟ್ಟ ಮೇಲೆ ಯಂತ್ರದಿಂದ ಅಂಚು ಸರಿಮಾಡಿದ, ‘ರೆಕ್ಟಿಫೈಡ್’ ಎಂಬ ಟೈಲಿಗೂ ಒಂದೂವರೆ ಮಿ.ಮೀ.ಗಿಂತ ಕಡಿಮೆ ಬೇಡ. ಸಂದು ಸಮನಾಗಿರಲು ಕಣ್ಣಳತೆಯನ್ನು ನಂಬದೆ ಪ್ಲಾಸ್ಟಿಕ್ ಸ್ಪೇಸರುಗಳನ್ನು ಇಡಿಸಿರಿ.

ಗೋಡೆಯ ಅಳತೆಗೆ ಟೈಲು ಹೊಂದದಿದ್ದಾಗ ಸಂದನ್ನು ಅಗಲಿಸಿ ಸರಿದೂಗಿಸುವುದು ತರವಲ್ಲ. ಒಂದು ಲೆಕ್ಕ ನೋಡೋಣ. ಗೋಡೆಯ ಅಗಲ ೧೫೪೦ ಮಿ.ಮೀ., ಟೈಲು ೩೦೦ ಮಿ.ಮೀ., ಸಂದು ೨ ಮಿ.ಮೀ. ಐದು ಟೈಲು ಮತ್ತು ನಾಲ್ಕು ಸಂದು ಸೇರಿ ೧೫೦೮, ಉಳಿದದ್ದು ೩೨. ಅಷ್ಟು ಸಣ್ಣ ಪಟ್ಟಿ ಅಂದವೂ ಅಲ್ಲ, ಭದ್ರವೂ ಅಲ್ಲ. ಬದಲಿಗೆ ನಡುವೆ ನಾಲ್ಕು ಇಡೀ ಟೈಲುಗಳನ್ನೂ ಎರಡು ಮೂಲೆಗಳಲ್ಲಿ ಸಮನಾದ ತುಂಡುಗಳನ್ನೂ ಇಡಿ. ಐದು ಸಂದಿಗೆ ೧೦, ಎರಡು ಮೂಲೆಗಳಿಗೆ ಮೂರು ಮೂರರಂತೆ ೬ ಕಳೆದರೆ, ಪ್ರತಿ ತುಂಡಿಗೆ ೧೬೨ ಮಿ.ಮೀ. ದೊರೆಯುತ್ತದೆ. ಅಂಟಿಸುವ ಮುಂಚೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಂಡರೆ ಟೈಲು ವ್ಯರ್ಥವಾಗದು.

ಇನ್ನು ಸಂದು ತುಂಬುವ ಮಾತು. ಸಿಮೆಂಟಿನ ಗ್ರೌಟಿನಲ್ಲಿ ಎರಡು ಬಗೆ. ೩ ಮಿ.ಮೀ.ಗಿಂತ ಕಿರಿದಾದ ಸಂದಿಗೆ ಮರಳಿಲ್ಲದ ನುಣ್ಣನೆಯ ಗ್ರೌಟು. ಅದಕ್ಕಿಂತ ಅಗಲವಾದರೆ ಮರಳು ಬೆರೆತದ್ದು. ಅಗಲ ಸಂದಿಗೆ ನುಣ್ಣನೆಯದನ್ನು ತುಂಬಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬರೀ ಬಿಳಿ ಸಿಮೆಂಟು ಬಳಿಯುವ ರೂಢಿಯಲ್ಲೂ ಇದೇ ದೋಷ. ಟೈಲಿನ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟಾದರೂ ಆಳಕ್ಕೆ ಸಂದು ಖಾಲಿಯಿರಬೇಕು. ಹೊರಬಂದ ಅಂಟನ್ನು ಹಸಿಯಿರುವಾಗಲೇ ಕೆರೆದು ತೆಗೆಯಿಸಿರಿ. ಗ್ರೌಟಿಗೆ ಹೆಚ್ಚು ನೀರು ಸುರಿದು ತೆಳ್ಳಗೆ ಕಲಸಿದರೆ ಬಲ ಕುಂದುತ್ತದೆ.

ಎರಡು ಗೋಡೆಗಳು ಕೂಡುವ ಮೂಲೆಗೂ ಗೋಡೆ ನೆಲ ಕೂಡುವ ಕಡೆಗೂ ಗ್ರೌಟು ಬೇಡ. ಅಲ್ಲಿ ಅಲುಗಾಟ ಹೆಚ್ಚು. ಬಾಗಬಲ್ಲ ಸಿಲಿಕೋನ್ ತುಂಬಿಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಸಿಮೆಂಟಿನ ಗ್ರೌಟು ನೀರನ್ನು ಪೂರ್ಣ ತಡೆಯುವುದಿಲ್ಲ. ತಡೆಯಬೇಕಾದದ್ದು ಟೈಲಿನ ಹಿಂದಿನ ನೀರುನಿರೋಧಕ ಲೇಪ. ಅದಕ್ಕೆ ಹಣ ಉಳಿಸಲು ಹೋದವರು ಕೆಳಗಿನ ಮನೆಯ ಮಾಳಿಗೆ ಸೋರಿದಾಗ ಹಣವನ್ನೂ ನೆರೆಯವರ ಸ್ನೇಹವನ್ನೂ ಕಳೆದುಕೊಳ್ಳುತ್ತಾರೆ. ಆದುದರಿಂದ ಲೇಪ ಯಾವುದು, ಸಂದು ಎಷ್ಟು, ಗ್ರೌಟು ಯಾವ ಬಗೆಯದು ಎಂಬ ಮೂರನ್ನೂ ಮಿಸ್ತ್ರಿಯೊಡನೆ ಮಾತಾಡಿ, ಕಾಗದದಲ್ಲಿ ಬರೆದಿಟ್ಟುಕೊಂಡ ಮೇಲೆಯೇ ಮುಂಗಡ ಕೊಡಿರಿ.